ಷರಾ ಬರೆದ ಕೈ

ಜನವರಿ 28, ಮಂಗಳವಾರ

ಶುಕ್ರವಾರದ ಬಿರುಗಾಳಿಗೆ ಮಲಗಿದ ಹಿತ್ತಲ ಬೇಲಿ ಇನ್ನೂ ಎದ್ದಿಲ್ಲ. ಶ್ರೀಹರ್ಷನನ್ನು ಕೇಳಿದರೆ "ವೀಕೆಂಡ್ ನೋಡೋಣ ಬಿಡೇ" ಎನ್ನುತ್ತಾನೆ. ಬೆಳಗ್ಗೆ ಆರೂವರೆಗೆ ಡಬ್ಲಿನ್ ಟ್ರೈನು ಹತ್ತಿ ಸಂಜೆ ಏಳಕ್ಕೆ ಮನೆ ಸೇರುವ ಗಂಡನಿಗೆ ಬೇಲಿ ಬಿದ್ದರೇನು, ನಿಂತರೇನು. ಈ ಐರಿಷ್ ಊರು ಡನ್‌ಡಾಕಿನ ಗಾಳಿಯೆಲ್ಲ ನನ್ನ ಅಡುಗೆಮನೆಗೇ ಬರುತ್ತಿದೆ.

ಶಾಲೆಯಲ್ಲಿ ಇವತ್ತು ಒಂದು ರಾದ್ಧಾಂತ. ಊಟದ ಬಿಡುವಿನಲ್ಲಿ ಕಾರಿಡಾರ್ ಡ್ಯೂಟಿ ನನ್ನದು. ಥರ್ಡ್ ಇಯರಿನ ಒಬ್ಬ ಹುಡುಗ, ಆ ಆಫ್ರಿಕಾದವರಲ್ಲಿ ಒಬ್ಬ, ಹದಿನೈದು ವರ್ಷಕ್ಕೇ ಆರಡಿ ಬೆಳೆದವನು, ಟ್ರೋಫಿ ಬೀರುವಿನ ಗಾಜು ಒಡೆದ. ಮೊಣಕೈ ಕುಯ್ದು ರಕ್ತ ಸುರಿಯುತ್ತಿತ್ತು, ಏನೋ ಕಿರುಚುತ್ತಿದ್ದ. ಫಸ್ಟ್ ಇಯರಿನ ಎರಡು ಚಿಳ್ಳೆಪಿಳ್ಳೆಗಳು ಹೆದರಿ ಗೋಡೆಗೆ ಅಂಟಿಕೊಂಡಿದ್ದವು. ಸದ್ದಿಗೆ ಥರ್ಡ್ ಇಯರಿನ ಉಸ್ತುವಾರಿ, ಇಯರ್ ಹೆಡ್ ಮಿಸ್ಟರ್ ಕಾನ್ಲನ್ ಓಡಿಬಂದರು.

"ಚೈ, ನೀವು ನೋಡಿದ್ರಾ?" ಎಂದರು. ಚೈತನ್ಯಾ ಎನ್ನಲು ಇಲ್ಲಿ ಯಾರಿಗೂ ವ್ಯವಧಾನವಿಲ್ಲ, ನಾನು ಎಲ್ಲರಿಗೂ ಒಂದು ಲೋಟ ಚಹಾ. ನೋಡಿದೆ ಎಂದೆ. ಶಾಲೆಯ ಆ್ಯಪಿನಲ್ಲಿ ಅವನ ಹೆಸರಿನ ಕೆಳಗೆ ಷರಾ ಬರೆದುಕೊಟ್ಟೆ. ನಡತೆಗೆ ಒಂದು ಪದ ಆರಿಸಬೇಕಿತ್ತು. 'ಅಗ್ರೆಸಿವ್' ಆರಿಸಿದೆ. ಎರಡು ನಿಮಿಷದ ಕೆಲಸ.

ವಿಜಯನಗರದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷ ಗಣಿತ ಕಲಿಸಿದ ಕೈ ಇದು. ಕೆಂಪು ಶಾಯಿಯಲ್ಲಿ ಎಷ್ಟು ಷರಾ ಬರೆದಿಲ್ಲ! ಮಾತು ಜಾಸ್ತಿ, ಗಮನ ಇಲ್ಲ, ಎದುರುತ್ತರ ಕೊಡುತ್ತಾನೆ. ಮನೆಯವರು ಸಹಿ ಹಾಕಿ ಕಳಿಸುತ್ತಿದ್ದರು, ಮಾರನೆಯ ದಿನ ಅವರೂ ಮರೆಯುತ್ತಿದ್ದರು, ನಾನೂ ಮರೆಯುತ್ತಿದ್ದೆ. ಇದೂ ಹಾಗೇ.

ಹಾಗೇ ಅಂದಮೇಲೆ, ಸಂಜೆಯಿಂದ ಮೂರು ಸಲ ಅದೇ ಅಡುಗೆಕಟ್ಟೆಯನ್ನು ಯಾಕೆ ಒರೆಸುತ್ತಿದ್ದೇನೋ.

ಜನವರಿ 29, ಬುಧವಾರ

ಬರೆದೇಬಿಡುತ್ತೇನೆ. ಇದನ್ನು ಓದುವವರು ಯಾರಿದ್ದಾರೆ?

ನಿನ್ನೆ ಅಲ್ಲಿ ಒಬ್ಬನಿರಲಿಲ್ಲ, ಇಬ್ಬರಿದ್ದರು. ಇನ್ನೊಬ್ಬ ನನ್ನ ಮಗ ಹೃಷಿಕೇಶ.

ಆ ಹುಡುಗ ಹೃಷಿಯ ಗಣಿತದ ಪುಸ್ತಕ ಕಿತ್ತುಕೊಂಡು ಕೈಗೆಟುಕದಂತೆ ಮೇಲೆತ್ತಿ ಹಿಡಿದಿದ್ದ. ಇಬ್ಬರೂ ನಗುತ್ತಿದ್ದರು. ಹೃಷಿ ನಾಲ್ಕು ಹೆಜ್ಜೆ ಹಿಂದೆ ಹೋಗಿ ಓಡಿಬಂದು ಹೆಗಲಿನಿಂದ ಗುದ್ದಿದ. ಹುಡುಗ ಹೋಗಿ ಬೀರುವಿಗೆ ಬಡಿದ. ಗಾಜು ಚೂರುಚೂರಾದ ಕ್ಷಣಕ್ಕೆ ಹೃಷಿ ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ ಹೋಗು ಅಂದೆ. ಮದುವೆಮನೆಗಳಲ್ಲಿ ಅಮ್ಮ ನನಗೆ ಮಾಡುತ್ತಿದ್ದ ಕಣ್ಸನ್ನೆ ಅದು: ಎರಡನೇ ಹೋಳಿಗೆ ಕೇಳಬೇಡ, ಎದ್ದು ಬಾ. ಈ ಊರಿನಲ್ಲಿ ಆ ಸನ್ನೆ ತಿಳಿಯುವವನು ನನ್ನ ಮಗ ಒಬ್ಬನೇ. ಸರಕ್ಕನೆ ಟಾಯ್ಲೆಟ್ಟಿನ ಕಡೆ ಜಾರಿದ. ಮಿಸ್ಟರ್ ಕಾನ್ಲನ್ ಬಂದಾಗ ಗಾಜಿನ ನಡುವೆ ನಿಂತಿದ್ದವನು ಒಬ್ಬನೇ.

ಯಾವ ತಾಯಿ ತಾನೇ ತನ್ನ ಕೈಯಾರೆ ಮಗನ ಹೆಸರು ಬರೆಯುತ್ತಾಳೆ? ಹೆತ್ತವರಿಗೆ ಹೆಗ್ಗಣ ಮುದ್ದು.

ಒಂದು ದಿನ ಬೈದು ಬಿಡುತ್ತಾರೆ ಅಂದುಕೊಂಡಿದ್ದೆ. ಐದು ದಿನ ಸಸ್ಪೆಂಡ್ ಮಾಡಿದ್ದಾರೆ. ಆಮೇಲೆ ಶಾಲೆಯ ಆಡಳಿತ ಬೋರ್ಡಿನ ಮುಂದೆ ವಿಚಾರಣೆಯಂತೆ. ಶಾಲೆಯಿಂದಲೇ ತೆಗೆಯಬಹುದಂತೆ. ಜೂನಿನಲ್ಲಿ ಅವರಿಗೆಲ್ಲ ಪಬ್ಲಿಕ್ ಪರೀಕ್ಷೆ.

ರಾತ್ರಿಯ ಊಟದಲ್ಲಿ ಹೃಷಿ ಚಪಾತಿ ಮುರಿಯುತ್ತಾ ಕೂತಿದ್ದ, ತಿನ್ನಲಿಲ್ಲ. "ಕೋಸಿಗೆ ಐದು ದಿನ, ಅಮ್ಮಾ" ಎಂದ. "ಹೂಂ, ಗೊತ್ತು, ಪಲ್ಯ ಹಾಕ್ಕೋ" ಎಂದೆ.

ಜನವರಿ 31, ಶುಕ್ರವಾರ

ಶಾನ್ ಇವತ್ತು ರಜೆ. ಇಲ್ಲಿ ನಾನು ಟೀಚರಲ್ಲ, ಗಾಲಿಕುರ್ಚಿಯ ಶಾನ್ ಪಕ್ಕ ಕೂತು ಅವನಿಗೆ ನೋಟ್ಸ್ ಬರೆದುಕೊಡುವ ಸಹಾಯಕಿ. ಅವನಿಲ್ಲದಿದ್ದರೆ ನನಗೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲ. ಆ್ಯಪ್ ತೆಗೆದು ಹೃಷಿ ಹೇಳುವ ಕೋಸಿಯ, ಆ ನ್ವೋಸು ಹುಡುಗನ ಪುಟ ನೋಡಿದೆ.

ಹದಿನೇಳು ಷರಾ. ತರಗತಿಯಲ್ಲಿ ಜೋರು ನಗು. ಮಾರ್ಕ್ಸ್ ಬಗ್ಗೆ ವಾದ. ಕರೆದಾಗ ತಿರುಗಿ ನೋಡಲಿಲ್ಲ. ಕಾರಿಡಾರಿನಲ್ಲಿ ಓಟ. ಒಂದಕ್ಕೂ ತಲೆಬುಡವಿಲ್ಲ, ಆದರೆ ಹದಿನೇಳೂ ಒಟ್ಟಿಗೆ ನೋಡಿದರೆ ಯಾರಿಗಾದರೂ ಎದೆ ಝಲ್ ಎನ್ನುತ್ತದೆ. ಅದರಲ್ಲಿ ನಾಲ್ಕು ನನ್ನವೇ. ನಮ್ಮೂರಿನ ಚಾಳಿ. ಇಲ್ಲಿ ಯಾವುದೂ ಅಳಿಸಿಹೋಗುವುದಿಲ್ಲ ಎಂದು ಯಾರು ಕಂಡಿದ್ದರು?

ಹೃಷಿಯ ಪುಟವನ್ನೂ ತೆಗೆದೆ. ಖಾಲಿ. ಅವನೂ ಅಷ್ಟೇ ಮಾತಾಡುತ್ತಾನೆ, ಅಷ್ಟೇ ನಗುತ್ತಾನೆ. ನಮ್ಮ ಮಕ್ಕಳು ಒಳ್ಳೆಯ ಮನೆಯಿಂದ ಬಂದವರು ಎಂದು ಗೊತ್ತಾಗುತ್ತದೇನೋ.

ಒಡೆದ ಬೀರುವಿಗೆ ರಟ್ಟು ಹೊಡೆದಿದ್ದಾರೆ. ಪಕ್ಕದ ಗಾಜಿನ ಹಿಂದೆ ಫುಟ್‌ಬಾಲ್ ತಂಡದ ಫೋಟೋದಲ್ಲಿ ಕಪ್ ಎತ್ತಿ ಹಿಡಿದವನು ಆ ನ್ವೋಸು ಹುಡುಗನೇ. ಮೈದಾನದಲ್ಲಿ ಅವನ ಓಟಕ್ಕೆ ಇಡೀ ಶಾಲೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತದೆ.

ಫೆಬ್ರವರಿ 3, ಸೋಮವಾರ

ಬ್ಯಾಂಕ್ ಹಾಲಿಡೇ, ಇಲ್ಲಿ ಎಲ್ಲರಿಗೂ ರಜೆ. ಮನೆಯೊಳಗೆ ಕೂರಲಾಗದೆ ಇಬ್ಬರನ್ನೂ ಬ್ಲ್ಯಾಕ್‌ರಾಕಿಗೆ ಹೊರಡಿಸಿದೆ. ಸಮುದ್ರದ ಪಕ್ಕ ಆ ತುದಿಯಿಂದ ಈ ತುದಿಗೆ ಮೂರು ಸಲ ನಡೆದೆ. ಶ್ರೀಹರ್ಷ ಕಾಫಿ ಹಿಡಿದು ಬೆಂಚಿನಲ್ಲೇ ಕೂತ. "ಏನೇ ಇದು, ಮಾರಥಾನಾ?" ಎಂದ.

ನಡೆಯುತ್ತಲೇ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಮೈಸೂರಿನಿಂದ ಅಮ್ಮನ ಕಣ್ಣಿಗೆ ಮೊದಲು ಬಿದ್ದದ್ದು ಹೃಷಿಯ ಮುಖ. "ಅಯ್ಯೋ, ಹುಡುಗ ಇನ್ನೂ ಕಪ್ಪಾಗಿದಾನಲ್ಲೇ! ಬಿಸಿಲೇ ಇಲ್ಲ ಅಂತೀಯ ಆ ಊರಲ್ಲಿ. ಕಡ್ಲೆಹಿಟ್ಟು ಹಚ್ಚೋದು ಬಿಟ್ಟಿದೀಯ?" ಟೋಪಿ ಹಾಕಿಕೋ ಎಂದು ಹೃಷಿಗೆ ನಾನೂ ಹೇಳಿದೆ. ಸ್ನೇಹಿತರು ಯಾರು, ಹೇಗೆ ಎಂದು ಅಮ್ಮ ವಿಚಾರಿಸಿಕೊಂಡಳು. "ಆ ಕರಿಯನ ಸಹವಾಸ ಬಿಡು ಅಂದಿದೀನಿ ಬಿಡಮ್ಮ" ಎಂದೆ.

ಹೃಷಿ ಮುಂದೆ ಮುಂದೆ ನಡೆದುಹೋದ. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಕೇಳಿಸಿರಲಿಕ್ಕಿಲ್ಲ.

ಫೆಬ್ರವರಿ 6, ಗುರುವಾರ

ಮಿಸ್ಟರ್ ಕಾನ್ಲನ್ ರೂಮಿಗೆ ಶಾನ್‌ನ ಫೈಲು ಕೊಡಲು ಹೋದವಳು ಮೇಜಿನ ಮೇಲಿನ ಹಾಳೆ ಓದಿದೆ. ಓದಬಾರದಿತ್ತು. ನನ್ನ ಷರಾವನ್ನು ಅಚ್ಚು ಹಾಕಿಸಿ ಆ ಹುಡುಗನ ಮನೆಗೆ ಕಳಿಸಿದ್ದರು. ಕೆಳಗೆ ತಾಯಿಯ ದುಂಡಗಿನ ಅಕ್ಷರ: ನೋಡಿದ್ದೇನೆ, ನನ್ನ ಮಗನ ವರ್ತನೆಗೆ ಕ್ಷಮೆ ಕೇಳುತ್ತೇನೆ, ಮನೆಯಲ್ಲಿ ಬುದ್ಧಿ ಕಲಿಸುತ್ತೇನೆ. ಸಹಿ.

"ಹಾಗಾದರೆ ವಿವಾದವೇ ಇಲ್ಲ" ಎಂದರು ಮಿಸ್ಟರ್ ಕಾನ್ಲನ್, ಪಾಪ, ಸಮಾಧಾನದಿಂದಲೇ. "ಮನೆಯವರೂ ಒಪ್ಪಿಕೊಂಡಿದ್ದಾರೆ."

ಅದು ಒಪ್ಪಿಗೆಯಲ್ಲ ಎಂದು ನನಗಲ್ಲದೆ ಇನ್ಯಾರಿಗೆ ಗೊತ್ತು? ಹನ್ನೊಂದು ವರ್ಷ ಇಂಥವೇ ಸಹಿಗಳನ್ನು ಎಣಿಸಿಕೊಂಡು ತೆಗೆದುಕೊಂಡವಳು ನಾನು. ಕೆಂಪು ಶಾಯಿ ಕಂಡರೆ ತಾಯಿ ಮೊದಲು ಕ್ಷಮೆ ಕೇಳುತ್ತಾಳೆ, ಏನಾಯಿತು ಎಂದು ಆಮೇಲೆ ಕೇಳುತ್ತಾಳೆ, ಕೇಳಿದರೆ. ಅದು ಟೀಚರಿಗೆ ಕೊಡುವ ಮರ್ಯಾದೆ. ಇಲ್ಲಿನ ತಾಯಂದಿರಾಗಿದ್ದರೆ ಸಹಿ ಮಾಡುವ ಮೊದಲು ಶಾಲೆಗೆ ಬಂದು ಮೇಜು ಕುಟ್ಟುತ್ತಿದ್ದರು.

ಬಾಯಿ ತೆರೆದೆ. "ಶಾನ್ ಫೈಲು ಇಲ್ಲಿಟ್ಟಿದೀನಿ" ಎಂದು ಹೇಳಿ ಬಂದೆ.

ಫೆಬ್ರವರಿ 7, ಶುಕ್ರವಾರ

ಆ ಹುಡುಗ ಶಾಲೆಗೆ ಬಂದ. ಗಣಿತದ ತರಗತಿಯಲ್ಲಿ ಅವನು ಕೂರುವುದು ಶಾನ್ ಹಿಂದಿನ ಬೆಂಚು. ಅದು ಸುಲಭದ ಗಣಿತ ತೆಗೆದುಕೊಂಡವರ ತರಗತಿ. ಅವನು ಅಲ್ಲಿರಬೇಕಾದವನೇ ಅಲ್ಲ. 'ಅಟಿಟ್ಯೂಡ್' ನೋಡಿ ಇಳಿಸಿದ್ದಾರಂತೆ. ಕೊಟ್ಟ ಲೆಕ್ಕ ಹತ್ತೇ ನಿಮಿಷಕ್ಕೆ ಮುಗಿಸಿ ನನ್ನ ಹೆಗಲ ಹಿಂದಿನಿಂದ "ಮಿಸ್, ಕಷ್ಟದ್ದು ಒಂದು ಕೊಡಿ" ಎಂದು ಪಿಸುಗುಟ್ಟುತ್ತಿದ್ದ. ನಾನೂ ಚೀಟಿಯಲ್ಲಿ ಬರೆದು ಹಿಂದಕ್ಕೆ ಸರಿಸುತ್ತಿದ್ದೆ. ನನ್ನನ್ನು ಈ ಶಾಲೆಯಲ್ಲಿ ಟೀಚರಾಗಿ ಕಂಡವನು ಅವನೊಬ್ಬನೇ.

ಇವತ್ತು ಕೇಳಲಿಲ್ಲ. ಚೀಟಿ ಬರೆದು ಇಟ್ಟುಕೊಂಡಿದ್ದೆ. ಬ್ಯಾಗಿನಲ್ಲೇ ಇದೆ.

ಫೆಬ್ರವರಿ 9, ಭಾನುವಾರ

ಒಂದು ಕಡೆ ತೊಗರಿಬೇಳೆ, ಇನ್ನೊಂದು ಕಡೆ ತೋಳಿನಷ್ಟು ದಪ್ಪದ ಆಫ್ರಿಕಾದ ಗೆಣಸು ಇಡುವ ಅಂಗಡಿಗೆ ಹೋಗಿದ್ದೆ. ಬೇಳೆ ಎತ್ತಿಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ "ನೀವಲ್ವಾ ಆ ಟೀಚರ್?" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತಿರುಗುವ ಮೊದಲೇ ನನಗೆ ಗೊತ್ತಾಯಿತು.

ಮಿಸೆಸ್ ನ್ವೋಸು. ವೃದ್ಧಾಶ್ರಮದ ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದರು. ಟೀಚರ್ ಅಲ್ಲ, ಬರೀ ಅಸಿಸ್ಟೆಂಟು ಎಂದೆ.

"ಬರೆದೋರು ನೀವೇ ತಾನೆ? ಬರೆಯೋರು ಟೀಚರೇ" ಎಂದರು. "ನಮ್ಮಪ್ಪನೂ ಮೇಷ್ಟ್ರಾಗಿದ್ರು. ಟೀಚರ್ ಬರೆದ್ರೆ ಮುಗೀತು, ಅದು ನಿಜ. ಅದಕ್ಕೇ ನಿಮ್ಮನ್ನ ನೋಡಿ ಸಾರಿ ಕೇಳೋಣ ಅಂತಿದ್ದೆ."

ನಾನು ಬೇಳೆಯ ಪ್ಯಾಕೆಟ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ.

"ಮೂರು ಸಂಜೆ ಮಂಡಿ ಊರಿಸಿ ಕೈ ಎತ್ತಿಸಿ ನಿಲ್ಲಿಸ್ದೆ. 'ಮಮ್ಮಿ, ನಾನು ಯಾರಿಗೂ ಏನೂ ಮಾಡ್ಲಿಲ್ಲ, ಬಿದ್ದೆ' ಅಂತಾನೆ. ಬೀಳೋಕೆ ಯಾರು ತಳ್ಳಿದ್ರು ಅಂದ್ರೆ ಬಾಯಿ ಬಿಡಲ್ಲ. ನಾನಂದೆ, ನೋಡು, ಇಲ್ಲಿನೋರು ಬರೆದಿದ್ರೆ ನಾನೂ ಯೋಚನೆ ಮಾಡ್ತಿದ್ದೆ. ಆ ಲೇಡಿ ನಮ್ಮ ಥರಾನೇ ಹೊರಗಿಂದ ಬಂದೋರು. ನಿನ್ನಂಥ ಹುಡುಗನ ಮೇಲೆ ಸುಳ್ಳು ಬರೆಯೋ ಅವಶ್ಯಕತೆ ಅವರಿಗೆ ಏನಿದೆ?" ಆಮೇಲೆ ಕೇಳಿದರು: "ಬೋರ್ಡಿನೋರು ಅವನನ್ನ ತೆಗೀತಾರಾ? ಈ ಊರಲ್ಲಿ ಬೇರೆ ಶಾಲೆಗಳೂ ಇವನ ಕಾಗದ ನೋಡ್ತವೆ. ಯಾರು ತಗೋತಾರೆ ಆಮೇಲೆ?"

ನಾನು ಏನು ಹೇಳಿದೆ? "ಒಳ್ಳೆಯೋರು ಬೋರ್ಡಿನೋರು, ಏನೂ ಆಗಲ್ಲ" ಎಂದೆ. ಥೂ ನನ್ನ ಜನ್ಮಕ್ಕೆ.

ಬೇಳೆಯನ್ನು ಕೌಂಟರಿನ ಮೇಲೇ ಬಿಟ್ಟು ಬಂದಿದ್ದೇನೆ. ಕಾರಿನಲ್ಲಿ ಅರ್ಧ ದಾರಿ ಬಂದಮೇಲೆ ನೆನಪಾಯಿತು. ವಾಪಸು ಹೋಗಲಿಲ್ಲ.

ಫೆಬ್ರವರಿ 10, ಸೋಮವಾರ

ರೇಡಿಯೇಟರ್ ಪಕ್ಕ ಇಟ್ಟರೂ ದೋಸೆಹಿಟ್ಟು ಉಬ್ಬಲಿಲ್ಲ. ಎಲ್ಲರಿಗೂ ಬ್ರೆಡ್ಡು ಕೊಟ್ಟೆ. ಎಲ್ಲರನ್ನೂ ಬೈದೆ.

ಫೆಬ್ರವರಿ 12, ಬುಧವಾರ

ಮನೆಗೆ ಬರುವಾಗ ಕಾರಿನಲ್ಲಿ ಹೃಷಿಯನ್ನು ಕೇಳಿದೆ. "ಕೋಸಿ ಯಾಕೋ ನಿನ್ನ ಹೆಸರು ಹೇಳಲಿಲ್ಲ?"

ಅವನು ಆಡುವುದೆಲ್ಲ ಇಂಗ್ಲಿಷು, ಅದೂ ಇಲ್ಲಿನ ರಾಗದ ಇಂಗ್ಲಿಷು. ನನ್ನ ತಲೆ ಕನ್ನಡ ಮಾಡಿಕೊಂಡೇ ಕೇಳಿಸಿಕೊಳ್ಳುತ್ತದೆ. "ಹೇಳಿದ್ರೆ ನಂಬ್ತಿದ್ರಾ?" ಎಂದ. "ನಾವಿಬ್ರೂ ಕಾರಿಡಾರಲ್ಲಿ ಓಡಿದ್ರೆ 'ಕೋಸಿ, ವಾಕ್!' ಅಂತಾರೆ. ನನ್ನ ಹೆಸರು ಯಾರೂ ಕೂಗಲ್ಲ. ಇಬ್ರೂ ನಕ್ಕರೆ ಅವನು ಎದ್ದು ನಿಲ್ಲಬೇಕು. ಅಂಗಡಿಗೆ ಹೋದ್ರೆ ಅವನು ಕೈ ಜೇಬಿಗೆ ಹಾಕಲ್ಲ, ಗೊತ್ತಾ ಅಮ್ಮಾ? ಚಳಿ ಇದ್ರೂ ಹಾಕಲ್ಲ. ಅವರಮ್ಮ ಹೇಳಿಕೊಟ್ಟಿದಾರಂತೆ."

"ನಿನಗೆ ಯಾರಾದ್ರೂ ಏನಾದ್ರೂ ಅಂದಿದಾರಾ?"

"ಬಸ್‌ಸ್ಟಾಪಲ್ಲಿ ಅಂತಾರೆ. ಇಟ್ಸ್ ಗ್ರ್ಯಾಂಡ್, ಪರವಾಗಿಲ್ಲ. ಆದ್ರೆ ಶಾಲೆ ಒಳಗೆ ನಾನು ಕಂಪ್ಯೂಟರ್ ಇಂಜಿನಿಯರ್ ಮಗ. ಅವನು ಇದೇ ಊರಿನ ಪಕ್ಕ ಡ್ರಾಹಡದಲ್ಲಿ ಹುಟ್ಟಿದೋನು. ನಾನು ಎಂಟು ವರ್ಷದವನಾಗಿದ್ದಾಗ ಬಂದೋನು. ಎಲ್ಲಿಂದ ಬಂದೆ ಅಂತ ಕೇಳೋದು ಅವನನ್ನ."

ಸಿಗ್ನಲ್ಲಿನಲ್ಲಿ ನಿಂತಿದ್ದೆವು. ಆಗ ಕಿಟಕಿಯ ಕಡೆ ತಿರುಗಿಕೊಂಡು, ಎಷ್ಟೋ ತಿಂಗಳ ಮೇಲೆ ಅವನು ಒಂದು ಮಾತು ಕನ್ನಡದಲ್ಲೇ ಆಡಿದ.

"ಅಜ್ಜಿ ಹತ್ರ ಅವತ್ತು ಏನಂದೆ ಅಂತ ನಂಗೆ ಅರ್ಥ ಆಗುತ್ತೆ, ಅಮ್ಮ."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಹಸಿರು ದೀಪ ಯಾವಾಗ ಬಂದಿತ್ತೋ.

ಫೆಬ್ರವರಿ 13, ಗುರುವಾರ

ಹೋದೆ. ಮಿಸ್ಟರ್ ಕಾನ್ಲನ್ ಬಾಗಿಲು ಹಾಕಿ ಟೀ ಮಾಡಿಕೊಟ್ಟರು. ನಡೆದದ್ದೆಲ್ಲ ಹೇಳಿದೆ, ಕೇಳಿಸಿಕೊಂಡರು ಕೂಡ. ಕೆಟ್ಟವರಲ್ಲ ಅವರು, ಶಾನ್‌ನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ದಿನಾ ಅವನನ್ನು ಕಾರಿನಲ್ಲಿ ಮನೆಗೆ ಬಿಟ್ಟವರು.

"ಹೃಷಿನಾ? ಛೆ ಛೆ, ಗ್ರ್ಯಾಂಡ್ ಹುಡುಗ ಅವನು. ಒಂದು ಆಟದ ತಳ್ಳಾಟಕ್ಕೆ ನೀವು ಇಷ್ಟು ಕೊರಗಬೇಡಿ, ಚೈ."

"ಅದೇ ಆಟದಲ್ಲಿ ಕೋಸಿನೂ ಇದ್ದ" ಎಂದೆ.

"ಕೋಸಿಯದು ಒಂದು ಗಾಜಿನ ವಿಷಯ ಅಲ್ಲ. ಅವನ ಪುಟ ನೋಡಿದೀರಲ್ಲ? ಹದಿನೇಳು. ಅದು ಒಂದು ಪ್ಯಾಟರ್ನ್."

ಆ ಹದಿನೇಳರಲ್ಲಿ ನಾಲ್ಕು ನನ್ನವು, ನಾಲ್ಕಕ್ಕೂ ಅರ್ಥವಿಲ್ಲ ಎಂದೆ. ಅವರು ನಕ್ಕು, ನೀವು ತುಂಬ ಸೂಕ್ಷ್ಮ ಎಂದರು. ಇಲ್ಲಿ ಟೀಚರಾಗಲು ಬೇಕಾದ ರಿಜಿಸ್ಟ್ರೇಷನ್ನಿಗೆ ನಾನು ಕೇಳಿದ್ದ ಶಿಫಾರಸು ಪತ್ರ ನಾಳೆಯೇ ಟೈಪಾಗುತ್ತದೆ ಎಂದೂ ನೆನಪಿಸಿದರು. ಹೆದರಿಸಲು ಹೇಳಿದ್ದಲ್ಲ, ನಿಜವಾಗಿ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಹೆದರಿಸಿದ್ದರೆ ವಾಸಿಯಿತ್ತು, ಜಗಳವನ್ನಾದರೂ ಆಡಬಹುದಿತ್ತು.

ಬಾಗಿಲಲ್ಲಿ ತಿರುಗಿ, ಬೋರ್ಡಿನ ಮುಂದೆ ನಾನು ಮಾತಾಡಬೇಕು, ಹೆಸರು ಬರೆದುಕೊಳ್ಳಿ ಎಂದೆ. ಅವರು ಬರೆದುಕೊಂಡರು.

ಫೆಬ್ರವರಿ 19, ಬುಧವಾರ

ಮಿಡ್‌ಟರ್ಮ್ ರಜೆ. ಮೂರು ದಿನದಿಂದ ಕಪಾಟುಗಳನ್ನೆಲ್ಲ ಹೊರಗೆ ಸುರಿದು ಮತ್ತೆ ಜೋಡಿಸುತ್ತಿದ್ದೇನೆ. ಇಟ್ಟ ಸಾಸಿವೆ ಡಬ್ಬಿ ಎಲ್ಲಿದೆ ಎಂದು ನನಗೇ ಗೊತ್ತಾಗುತ್ತಿಲ್ಲ.

ಶ್ರೀಹರ್ಷನಿಗೆ ಎಲ್ಲ ಹೇಳಿದೆ. ಲ್ಯಾಪ್‌ಟಾಪ್ ಮುಚ್ಚಿದ, ಅದೇ ದೊಡ್ಡದು. "ಸಿಟಿಜನ್‌ಶಿಪ್ ಅರ್ಜಿ ಈಗಷ್ಟೇ ಹಾಕಿದೀವಿ. ಹುಡುಗನ ರೆಕಾರ್ಡು ಕ್ಲೀನಾಗಿದೆ. ನಾವು ನಮ್ಮ ಪಾಡಿಗೆ ತಲೆ ತಗ್ಗಿಸಿಕೊಂಡು ಬದುಕ್ತಿರೋರು. ಯಾಕೆ ಬೇಕು?" ಎಂದ. "ಕೋಸಿ ಜಾಗದಲ್ಲಿ ಹೃಷಿ ಇದ್ದಿದ್ರೆ?" ಎಂದೆ. "ಇಲ್ವಲ್ಲ" ಎಂದ. ಲ್ಯಾಪ್‌ಟಾಪ್ ಮತ್ತೆ ತೆರೆಯುತ್ತಾ, "ನೋಡು, ನಿನ್ನಿಷ್ಟ" ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಹೃಷಿ ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳುತ್ತಿದ್ದ. "ನಾನೂ ಬರ್ತೀನಿ" ಎಂದ.

ಫೆಬ್ರವರಿ 25, ಮಂಗಳವಾರ

ನಾಲ್ಕು ಗಂಟೆಗೆ ಶಾಲೆಯ ಲೈಬ್ರರಿಯಲ್ಲಿ. ನನ್ನನ್ನು ಮಾತ್ರ ಒಳಗೆ ಬಿಡುತ್ತಾರೆಂದು ಹೃಷಿಯನ್ನು ಕಾರಿನಲ್ಲೇ ಕೂರಿಸಿ ಹೋದೆ.

ಉದ್ದ ಮೇಜಿನ ಆ ಕಡೆ ಬೋರ್ಡಿನ ಆರು ಜನ, ನಡುವೆ ಬಿಳಿಗೂದಲಿನ ಅಧ್ಯಕ್ಷೆ, ತುದಿಯಲ್ಲಿ ಮಿಸ್ಟರ್ ಕಾನ್ಲನ್. ಈ ಕಡೆ ಕೋಸಿ, ಅವನ ತಾಯಿ. ಮಿಸೆಸ್ ನ್ವೋಸು ಚರ್ಚಿಗೆ ಹೋಗುವಂತೆ ತಲೆಗೆ ಹಳದಿ ಬಟ್ಟೆ ಸುತ್ತಿ ಬಂದಿದ್ದರು. ಕೋಸಿಯ ಅಂಗಿಯ ಇಸ್ತ್ರಿಯ ಗೆರೆ ಚಾಕುವಿನ ಅಲಗಿನಂತಿತ್ತು. ಎರಡು ಕೈಯನ್ನೂ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕೂತಿದ್ದ. ಅಂಗಡಿಯ ವಿಷಯ ಹೃಷಿ ಹೇಳಿದ್ದು ನೆನಪಾಯಿತು.

ಅಧ್ಯಕ್ಷೆ ನನ್ನ ಷರಾ ಓದಿದರು. ಆಮೇಲೆ ಮಿ‌ಸೆಸ್ ನ್ವೋಸು ಎದ್ದು ನಿಂತು, ಶಾಲೆಗಾದ ತೊಂದರೆಗೆ ತಾಯಿಯಾಗಿ ತಲೆಬಾಗಿ ಕ್ಷಮೆ ಕೇಳುತ್ತೇನೆ ಎಂದು ಶುರುಮಾಡಿದರು.

ನನ್ನ ಸರದಿ ಇನ್ನೂ ಬಂದಿರಲಿಲ್ಲ. ಆದರೂ ಎದ್ದೆ. "ದಯವಿಟ್ಟು ಅವರು ಕ್ಷಮೆ ಕೇಳೋದು ಬೇಡ" ಎಂದೆ. "ಕೇಳಬೇಕಾದವಳು ನಾನು."

ಹೇಳಿದೆ. ತಳ್ಳಿದ್ದು ನನ್ನ ಮಗ. ಅವನನ್ನು ಅಲ್ಲಿಂದ ಕಳಿಸಿದ್ದು ನಾನು. ಕಣ್ಸನ್ನೆಯನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ಮಾಡಿಯೇ ತೋರಿಸಿದೆ. ಆರು ಜನ ಐರಿಷರ ಮುಂದೆ ಹುಬ್ಬು ಹಾರಿಸಿ ನಿಂತ ನನ್ನನ್ನು ನೋಡಿದ್ದರೆ ಅಮ್ಮ ಮೂರ್ಛೆ ಹೋಗುತ್ತಿದ್ದಳು. ಕೋಸಿ ಕಿರುಚುತ್ತಿದ್ದದ್ದು ಕೈ ಕುಯ್ದ ನೋವಿಗೆ ಎಂದೆ. ಆ ಪದ ಆರಿಸಿದ್ದು ನನ್ನ ಬೆರಳು, ಅವನ ನಡತೆಯಲ್ಲ ಎಂದೆ. ತಾಯಿಯ ಸಹಿಯನ್ನು ತಪ್ಪೊಪ್ಪಿಗೆ ಅಂದುಕೊಳ್ಳಬೇಡಿ, ನಮ್ಮಂಥವರ ಕಡೆ ಅದು ಟೀಚರಿಗೆ ಮಾಡುವ ನಮಸ್ಕಾರ, ಆ ನಮಸ್ಕಾರಕ್ಕೆ ನಾನು ತಕ್ಕವಳಾಗಿರಲಿಲ್ಲ ಎಂದೆ. ಕೊನೆಗೆ ಅಳು ಬಂತು. ಬರಬಾರದು ಅಂದುಕೊಂಡಿದ್ದೆ.

ಅಧ್ಯಕ್ಷೆ ಕನ್ನಡಕ ತೆಗೆದರು. "ನಿಮ್ಮ ಮಗ ಅಂದ್ರೆ, ಸೈನ್ಸ್ ಕ್ವಿಜ್ ಗೆದ್ದನಲ್ಲ, ಆ ಹುಡುಗನಾ?" ಹೌದು ಎಂದೆ. ಮೇಜಿನ ಆ ಕಡೆ ಆರೂ ಮುಖಗಳು ಒಟ್ಟಿಗೆ ಸಡಿಲವಾದವು. ಒಬ್ಬರಂತೂ ನಕ್ಕರು. "ಹಾಗಾದ್ರೆ ಇದು ಬರೀ ಹುಡುಗಾಟ ಅನ್ನಿ."

ನಾನು ಕುಣಿದಾಡಬೇಕಿತ್ತು. ಮೈಯೆಲ್ಲ ಉರಿಯಿತು. ನಾಲ್ಕು ವಾರ ಅದೇ ಗಾಜು, ಅದೇ ಬೀರು, ಅದೇ ರಕ್ತ. ನನ್ನ ಮಗನ ಹೆಸರು ಸೇರಿದ ಮೇಲೆ ಹುಡುಗಾಟವಾಯಿತು.

ಕೋಸಿ ನನ್ನ ಕಡೆ ನೋಡಲೇ ಇಲ್ಲ. ಅವನು ನೋಡುತ್ತಿದ್ದದ್ದು ತಾಯಿಯನ್ನು. ಅವರು ನಿಂತವರು ನಿಂತೇ ಇದ್ದರು, ಕ್ಷಮಾಪಣೆಯ ಹಾಳೆ ಕೈಯಲ್ಲಿ ಹಾಗೇ ಇತ್ತು.

ಹೊರಗೆ ಕಾರ್ ಪಾರ್ಕಿನಲ್ಲಿ ಅವರ ಬಳಿ ಹೋದೆ. ಅವರೇ ಮೂರು ಬೆರಳು ಎತ್ತಿದರು. "ಮೂರು ಸಂಜೆ, ಟೀಚರ್" ಎಂದರು. "ನನ್ನ ಮಗ ನಿಜ ಹೇಳ್ತಿದ್ದ. ನಾನು ನಿಮ್ಮನ್ನ ನಂಬಿದೆ." ಬೈಗುಳವಲ್ಲ, ಕೂಗಾಟವಲ್ಲ. ಮಗನ ತೋಳು ಹಿಡಿದು ಹೊರಟರು.

ಕಾರಿನೊಳಗಿಂದ ಹೃಷಿ ಎಲ್ಲ ನೋಡಿದ. ಕೆಳಗಿಳಿದು ನಾಲ್ಕು ಹೆಜ್ಜೆ ಓಡಿ, ನಿಂತುಬಿಟ್ಟ.

ಫೆಬ್ರವರಿ 28, ಶುಕ್ರವಾರ

ತೀರ್ಮಾನ ಬಂತು. ಕೋಸಿಯನ್ನು ತೆಗೆಯುವುದಿಲ್ಲ. ನನ್ನ ಷರಾ ತಿದ್ದಿದ್ದಾರೆ. ಉಳಿದ ಹದಿನಾರು ಹಾಗೇ ಇವೆ. ನನ್ನ ಇನ್ನು ಮೂರನ್ನು ತೆಗೆಯಿರಿ ಎಂದು ಬರೆದುಕೊಟ್ಟಿದ್ದೇನೆ. ಅವನು ಕಳೆದುಕೊಂಡ ಐದು ದಿನವನ್ನು ಯಾರೂ ವಾಪಸು ಕೊಡುವಂತಿಲ್ಲ. ನನಗೆ ಲಿಖಿತ ಎಚ್ಚರಿಕೆ. ಶಿಫಾರಸು ಪತ್ರದ ಸುದ್ದಿಯಿಲ್ಲ, ನಾನೂ ಕೇಳಿಲ್ಲ.

ಹೃಷಿಗೆ ಏನೂ ಇಲ್ಲ. ಮಿಸ್ಟರ್ ಕಾನ್ಲನ್ ಕರೆದು ಒಂದು ಮಾತು ಹೇಳಿ, ಬೆನ್ನು ತಟ್ಟಿ ಕಳಿಸಿದರಂತೆ. ಪುಟ ಈಗಲೂ ಖಾಲಿ.

ಬೇರೆ ತರಗತಿಗಳಲ್ಲಿ ಕೋಸಿ ಹೃಷಿಯ ಪಕ್ಕದ ಬೆಂಚು ಬಿಟ್ಟು ಕಿಟಕಿಯ ಕಡೆ ಹೋಗಿ ಕೂತಿದ್ದಾನೆ. ಗಣಿತದ ತರಗತಿಯಲ್ಲಿ ಚೀಟಿಯನ್ನು ಹಿಂದಕ್ಕೆ ಸರಿಸಿದೆ. ತೆಗೆದುಕೊಂಡ. ಬಿಡಿಸಿದನೋ ಇಲ್ಲವೋ ಗೊತ್ತಿಲ್ಲ.

ಮಾರ್ಚ್ 3, ಸೋಮವಾರ

ಬೆಳಗ್ಗೆ ಏಳೂವರೆಗೆ ಹೃಷಿ ಯೂನಿಫಾರ್ಮ್ ಇಲ್ಲದೆ ಕೆಳಗೆ ಬಂದ.

"ಜ್ವರಾನಾ?" ಎಂದು ಹಣೆ ಮುಟ್ಟಲು ಹೋದೆ. ತಲೆ ಹಿಂದಕ್ಕೆ ಎಳೆದುಕೊಂಡ. "ಐದು ದಿನ ಹೋಗಲ್ಲ" ಎಂದ. "ಅವನಿಗೆ ಐದು ದಿನ. ನಂಗೂ ಐದು ದಿನ. ಅವರು ಕೊಡಲಿಲ್ಲ, ನಾನೇ ತಗೋತೀನಿ."

ಪರೀಕ್ಷೆ ಹತ್ತಿರ ಬಂತು, ಹುಚ್ಚಾಟ ಬೇಡ, ಅಪ್ಪನಿಗೆ ಏನು ಹೇಳಲಿ, ಇವೆಲ್ಲ ಬಾಯಿಯ ತುದಿಗೆ ಬಂದವು. ಅವತ್ತು ಗಾಜು ಒಡೆದಾಗ ನೋಡಿದಂತೆಯೇ ಅವನು ನನ್ನ ಕಣ್ಣನ್ನೇ ನೋಡುತ್ತಾ ನಿಂತಿದ್ದ. ನನಗೆ ಯಾವ ಸನ್ನೆಯೂ ಹೊಳೆಯಲಿಲ್ಲ. "ತಿಂಡಿ ತಿನ್ನು" ಎಂದೆ.

ತಿಂದು ಹಿತ್ತಲಿಗೆ ಹೋದ. ನಾನು ಶಾನ್‌ಗಾಗಿ ಶಾಲೆಗೆ ಹೊರಟೆ. ಸಂಜೆ ಬಂದು ನೋಡಿದರೆ ಬೇಲಿಯ ಎರಡು ಕಂಬ ನೆಟ್ಟಗೆ ನಿಂತಿವೆ, ಮೂರನೆಯದಕ್ಕೆ ಗುಂಡಿ ತೋಡುತ್ತಿದ್ದಾನೆ. ಇಡೀ ದಿನ ಬಿಸಿಲು ಚೆನ್ನಾಗಿತ್ತಂತೆ. ತಲೆಯ ಮೇಲೆ ಏನೂ ಇಲ್ಲ, ಮುಖ ಕೆಂಡದ ಹಾಗೆ ಕಾದಿತ್ತು. ನೀರು ಕೊಟ್ಟೆ.

ಬೆಳಗ್ಗೆಯೇ ಆ್ಯಪು ಕೇಳಿತ್ತು: ಗೈರುಹಾಜರಿಗೆ ಕಾರಣ? ಕಾಯಿಲೆ, ಡಾಕ್ಟರ್ ಭೇಟಿ, ಕುಟುಂಬದ ಕಾರ್ಯಕ್ರಮ, ಇತರೆ. ಶಾಲೆಯ ಕಾರ್ ಪಾರ್ಕಿನಲ್ಲಿ ಕೂತು 'ಇತರೆ' ಒತ್ತಿದೆ. ಕೆಳಗೆ ಬರೆದೆ: ಜನವರಿ 28ರಂದು ಟ್ರೋಫಿ ಬೀರುವಿನ ಬಳಿ ತಳ್ಳಿದ್ದು ಇವನು. ಕೋಸಿ ನ್ವೋಸು ಹೊರಗಿದ್ದಷ್ಟೇ ದಿನ ಇವನೂ ಹೊರಗಿರುತ್ತಾನೆ. ತಾಯಿ ನೋಡಿದ್ದಾಳೆ. ಕೆಳಗೆ ಪೂರ್ತಿ ಹೆಸರು.

ಹತ್ತು ನಿಮಿಷಕ್ಕೆ ಮಿಸ್ಟರ್ ಕಾನ್ಲನ್ ಅವರಿಂದ ಮೆಸೇಜು. 'ಇದೆಲ್ಲ ಏನೂ ಬೇಕಿಲ್ಲ, ಚೈ. ಒಳ್ಳೆಯ ಹುಡುಗ ಅವನು. ರೆಕಾರ್ಡಿನಲ್ಲಿ ಯಾಕೆ ಉಳಿಯಬೇಕು? ಕಾಯಿಲೆ ಅಂತ ಬದಲಾಯಿಸ್ತೀನಿ.'

ಕಾರಿನಿಂದ ಇಳಿದವಳು ಮತ್ತೆ ಒಳಗೆ ಕೂತೆ.

'ಬದಲಾಯಿಸಬೇಡಿ' ಎಂದು ಬರೆದೆ. 'ನಾನು ಬರೆದದ್ದು ಹಾಗೇ ಇರಲಿ.'

ಈಗ ತೆಗೆದು ನೋಡಿದೆ. ಇದೆ. ಹೃಷಿಯ ಪುಟದಲ್ಲಿ ಒಂದು ಷರಾ.